ಬೆಳಕು ಎಲ್ಲಿ ನಿಲ್ಲಬೇಕು

ಬೀದರಿನಿಂದ ಔರಾದಿಗೆ ಸುಮಾರು 40 ಕಿಲೋಮೀಟರು. ಹಗಲಿನಲ್ಲಿ ಅದೇನು ದೊಡ್ಡ ದಾರಿಯಲ್ಲ. ಜನವಾಡ ದಾಟಿ, ಕೌಠಾದಲ್ಲಿ ಮಾಂಜ್ರಾ ನದಿಯ ಸೇತುವೆ ದಾಟಿ, ಸಂತಪುರದಲ್ಲಿ ನಿಂತು ಒಂದು ಚಹಾ ಕುಡಿದು ಹೋದರೂ ಒಂದೂವರೆ ತಾಸಿನೊಳಗೆ ಔರಾದ್ ಬಸ್ ನಿಲ್ದಾಣದ ಮುಂದೆ ಇರಬಹುದು. ರಾತ್ರಿ ಅದೇ ದಾರಿಯ ಗುಣ ಬೇರೆ. ಬೀದರ್ ಸುತ್ತಲಿನ ಕೆಮ್ಮಣ್ಣು ಹಿಂದೆ ಬಿದ್ದು ಕರಿ ಎರೆಭೂಮಿ ಶುರುವಾದ ಮೇಲೆ ಡಾಂಬರು, ಡಾಂಬರಿನ ಅಂಚು, ಅದರಾಚೆಯ ಹೊಲ ಎಲ್ಲವೂ ಒಂದೇ ಬಣ್ಣ. ನೀವು ಎಷ್ಟು ಬೆಳಕು ಚೆಲ್ಲಿದರೂ ಕರಿ ನೆಲ ಅದನ್ನು ನುಂಗುತ್ತದೆಯೇ ಹೊರತು ತಿರುಗಿ ಕೊಡುವುದಿಲ್ಲ. ರಸ್ತೆ ಎಲ್ಲಿ ಮುಗಿಯಿತು ಎಂಬುದು ಗಾಲಿ ಕೆಳಗಿಳಿದಾಗಲೇ ಗೊತ್ತಾಗುವುದು.

ಅದರ ಮೇಲೆ ನವೆಂಬರಿನಿಂದ ಕಬ್ಬಿನ ಹಂಗಾಮು. ಬೀದರ್ ಜಿಲ್ಲೆಯಲ್ಲಿ ಓಡಾಡಿದವರಿಗೆ ಹೇಳುವುದೇ ಬೇಡ. ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರಾಲಿ, ಎರಡರ ಮೇಲೂ ಮನೆ ಎತ್ತರದ ಕಬ್ಬು. ಟ್ರ್ಯಾಕ್ಟರಿಗೆ ಮುಂದೆ ದೀಪ ಉಂಟು. ಕೊನೆಯ ಟ್ರಾಲಿಗೆ ಹೆಚ್ಚಿನ ಸಲ ಏನೂ ಇರುವುದಿಲ್ಲ; ಇದ್ದರೂ ಜೋತುಬಿದ್ದ ಕಬ್ಬಿನ ತುದಿಗಳು ಅದನ್ನು ಮುಚ್ಚಿರುತ್ತವೆ. ಪಂಕ್ಚರಾದರೆ ರಸ್ತೆಯ ಮೇಲೆಯೇ ನಿಲ್ಲುತ್ತದೆ. ಸುತ್ತ ನಾಲ್ಕು ಕಲ್ಲು ಇಡುತ್ತಾರೆ. ಕಲ್ಲೂ ಕರಿಯದೇ.

ನಾನು ಈ ರಸ್ತೆಯಲ್ಲಿ ರಾತ್ರಿಯೇ ಯಾಕೆ ಓಡಾಡಬೇಕು ಎಂದು ಅವ್ವ ಕೇಳುತ್ತಾಳೆ. ನನ್ನ ಸಂಶೋಧನೆ ಈ ಗಡಿಭಾಗದ ಹೆಣ್ಣುಮಕ್ಕಳ ಹಾಡುಗಳ ಮೇಲೆ. ಹಾಡುವವರು ಹಗಲು ಹೊಲದಲ್ಲಿರುತ್ತಾರೆ. ತೊಗರಿ ರಾಶಿಯ ದಿನಗಳಲ್ಲಂತೂ ಅವರನ್ನು ಮಾತಾಡಿಸುವುದೇ ತಪ್ಪು. ರೊಟ್ಟಿ ಬಡಿದು, ಎಲ್ಲರಿಗೂ ಉಣ್ಣಲಿಕ್ಕೆ ಇಟ್ಟು, ಭಾಂಡೆ ತೊಳೆದು ಅವರು ಕಟ್ಟೆಗೆ ಬಂದು ಕೂಡುವ ಹೊತ್ತಿಗೆ ಒಂಬತ್ತಾಗುತ್ತದೆ. ಮೊದಲ ಹಾಡು ನಾಚಿಕೆಯದು, ಎರಡನೆಯದು ನೆನಪಾಗದ್ದು, ಮೂರನೆಯದರಿಂದ ನಿಜವಾದ ಹಾಡು. ಹತ್ತೂವರೆಗೆ ರೆಕಾರ್ಡರ್ ಮುಚ್ಚಿ ಎದ್ದರೆ ಕೊನೆಯ ಬಸ್ಸು ಹೋಗಿರುತ್ತದೆ. ಉಳಿಯುವುದು ಅಪ್ಪ ಬಳಸಿ ಬಿಟ್ಟ ನೂರು ಸಿಸಿಯ ಹಳೆ ಬೈಕು.

ಅದರ ಹೆಡ್‌ಲೈಟಿನ ಬಗ್ಗೆ ಎರಡು ಮಾತು ಹೇಳಬೇಕು. ಅಂಥ ಹಳೆ ಸಣ್ಣ ಬೈಕುಗಳಲ್ಲಿ ಹಲವಕ್ಕೆ ದೀಪದ ಕರೆಂಟು ಬ್ಯಾಟರಿಯಿಂದ ಬರುವುದಿಲ್ಲ. ಎಂಜಿನ್ ತಿರುಗುವಾಗ ಮ್ಯಾಗ್ನೆಟ್ ಕಾಯಿಲಿನಲ್ಲಿ ಹುಟ್ಟುವ ಎಸಿ ಕರೆಂಟೇ ನೇರ ಬಲ್ಬಿಗೆ ಹೋಗುತ್ತದೆ. ಎಕ್ಸಲೇಟರ್ ಕೊಟ್ಟರೆ ಬೆಳಕು, ಬಿಟ್ಟರೆ ಮಿಣುಕು. ಗುಂಡಿ ಬಂತೆಂದು ನಿಧಾನ ಮಾಡುತ್ತೀರಿ, ಸರಿಯಾಗಿ ಆಗಲೇ ದೀಪ ಕುಗ್ಗುತ್ತದೆ. ಬೇಕಾದ ಗಳಿಗೆಯಲ್ಲೇ ಕೈಬಿಡುವ ನೆಂಟನ ಹಾಗೆ.

ಕಳೆದ ದೀಪಾವಳಿಗೆ ಬೈಕನ್ನು ಭಾಲ್ಕಿಯ ಮನೆಗೆ ಒಯ್ದೆ. ಅಲ್ಲಿ ಕಾಕಾ ಇದ್ದಾರೆ. ಮೂವತ್ತು ವರ್ಷ ನೀರೆತ್ತುವ ಮೋಟಾರುಗಳ ವೈಂಡಿಂಗ್ ಮಾಡಿದವರು. ಅವರಿಗೂ ಔರಾದ್ ರಸ್ತೆಗೂ ಒಂದು ಹಳೆಯ ಲೆಕ್ಕವಿದೆ. 2016ರ ಜನವರಿಯಲ್ಲಿ ಸಂತಪುರದ ಆಚೆ, ರಾತ್ರಿ ಎಂಟರ ಸುಮಾರಿಗೆ, ನಿಂತಿದ್ದ ಕಬ್ಬಿನ ಟ್ರಾಲಿಗೆ ಹಿಂದಿನಿಂದ ಗುದ್ದಿದರು. ಬಲಗಾಲಿನಲ್ಲಿ ಇನ್ನೂ ರಾಡು ಇದೆ. ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಲಾಗದೆ ಮುಂದಿನ ವರ್ಷ ಅದನ್ನು ಬಿಟ್ಟುಕೊಟ್ಟರು. ಆ ರಾತ್ರಿಯ ಬಗ್ಗೆ ಅವರು ಹೇಳುವುದು ಬಹಳ ಕಡಿಮೆ. "ನಂದು ಬ್ರೇಕ್ ಛಲೋ ಇತ್ತು. ಕಣ್ಣೂ ಛಲೋ ಇದ್ವು. ಬತ್ತೀನೂ ಛಲೋ ಇತ್ತು. ಎದುರಿಗಿ ಬಂದವ ಡಿಪ್ಪರ್ ಕೊಡಲಿಲ್ಲ, ಅಷ್ಟೆ."

ಈ 'ಅಷ್ಟೆ'ಯ ಲೆಕ್ಕ ಮಾಡಿ ನೋಡಬಹುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಎದುರಿನ ಹೈಬೀಮ್ ಕಣ್ಣಿಗೆ ಹೊಡೆದು ದಾಟಿದ ಮೇಲೆ ಮೂರು ಸೆಕೆಂಡು ಏನೂ ಕಾಣಲಿಲ್ಲವೆಂದರೆ 40 ಮೀಟರಿಗಿಂತ ಹೆಚ್ಚು ದಾರಿಯನ್ನು ಕುರುಡಾಗಿ ದಾಟಿದಂತೆ. ವಯಸ್ಸಾದಂತೆ ಕಣ್ಣು ಚೇತರಿಸಿಕೊಳ್ಳುವುದು ಇನ್ನೂ ತಡ. ಕಣ್ಣು ಪೂರ್ತಿ ಕತ್ತಲೆಗೆ ಒಗ್ಗಲಿಕ್ಕಂತೂ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಕೆಡಿಸಲಿಕ್ಕೆ ಒಂದು ಮಿಂಚು ಸಾಕು.

ಭಾಲ್ಕಿಗೆ ಹೋಗುವ ಮೊದಲು ಬೀದರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿದ್ದೆ. ಹುಡುಗ ಎಲ್‌ಇಡಿ ಬಲ್ಬೊಂದನ್ನು ಬ್ಯಾಟರಿಗೆ ಹಚ್ಚಿ ಗೋಡೆಗೆ ಹಿಡಿದ. ಅಂಗಡಿಯೆಲ್ಲ ನೀಲಿ ಬಿಳುಪಾಯಿತು.

"ಇದು ಹಾಕ್ರಿ ಸರ್, ರಾತ್ರಿ ಹೋಗಿ ಹಗಲಾಗ್ತದ."

"ಎದುರಿಗಿ ಬರೋರಿಗಿ?"

"ಎದುರಿಗಿ ಬರೋರೂ ಇದೇ ಹಾಕ್ಯಾರಲ್ರಿ!"

ಅವನ ಮಾತಿನಲ್ಲಿ ಸುಳ್ಳಿಲ್ಲ. ಒಬ್ಬ ಹಾಕಿದ, ಎದುರಿನವನಿಗೆ ಕಾಣಲಿಲ್ಲ, ಅವನೂ ಹಾಕಿದ. ಈಗ ಇಬ್ಬರಿಗೂ ಕಾಣುವುದಿಲ್ಲ. ಆದರೆ ತಪ್ಪು ಎಲ್‌ಇಡಿಯದಲ್ಲ. ಕಂಪನಿಯಿಂದಲೇ ಎಲ್‌ಇಡಿ ದೀಪ ಬರುವ ಹೊಸ ಗಾಡಿಗಳಲ್ಲಿ ಅದಕ್ಕೆ ತಕ್ಕ ಕನ್ನಡಿ, ಲೆನ್ಸು ಇರುತ್ತವೆ. ಹ್ಯಾಲೋಜನ್ ದೀಪದ ಒಳಗನ್ನಡಿಯನ್ನು ಮಾಡಿರುವುದು ತೆಳ್ಳನೆಯ ಒಂದು ತಂತಿಗಾಗಿ. ಆ ತಂತಿ ಇಂಥದೇ ಬಿಂದುವಿನಲ್ಲಿ ಇದ್ದರೆ ಮಾತ್ರ ಬೆಳಕು ರಸ್ತೆಗೆ ಬೀಳುತ್ತದೆ. ಅಲ್ಲಿ ಅಗಲವಾದ ಎಲ್‌ಇಡಿ ತುಂಡು ಕೂಡಿಸಿದರೆ ಬೆಳಕು ಜಾಸ್ತಿಯಾಗುತ್ತದೆ, ಜೊತೆಗೆ ನಾಲ್ಕು ದಿಕ್ಕಿಗೂ ಚೆಲ್ಲುತ್ತದೆ. ನನ್ನ ಬೈಕಿನ ಎಸಿ ಕರೆಂಟಿನಲ್ಲಿ ಅದು ಮಿಟುಕಲೂಬಹುದು. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಿಗದಿ ಮಾಡಿದ್ದಕ್ಕೆ ಹೊರತಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅಂಗಡಿಯ ಹುಡುಗನಿಗೆ ಇದನ್ನೆಲ್ಲ ಹೇಳುವಷ್ಟು ದೊಡ್ಡವನು ನಾನಲ್ಲ. ನನ್ನ ಬೈಕಿನದೇ ಅಳತೆಯ ಎಚ್‌ಎಸ್1 ಹ್ಯಾಲೋಜನ್ ಬಲ್ಬು, 12 ವೋಲ್ಟ್, 35/35 ವಾಟ್, ಮತ್ತು ಅದೇ ಮಾಡೆಲಿನ ಹೊಸ ಹೆಡ್‌ಲೈಟ್ ಡೂಮು ತಗೊಂಡು ಬಂದೆ.

ಕಾಕಾ ಬಲ್ಬನ್ನು ಮುಟ್ಟಲೇ ಇಲ್ಲ. ಮೊದಲು ಮೀಟರು ತಂದರು. ಬೈಕನ್ನು ಸ್ಟ್ಯಾಂಡ್ ಹಾಕಿಸಿ, ನನ್ನಿಂದ ಎಕ್ಸಲೇಟರ್ ಒಂದೇ ಮಟ್ಟಕ್ಕೆ ಹಿಡಿಸಿ, ದೀಪ ಹಚ್ಚಿಸಿ, ರೆಗ್ಯುಲೇಟರಿನ ಹತ್ತಿರ ಅಳೆದರು: 12.1. ಬಲ್ಬಿನ ಹೋಲ್ಡರಿನಲ್ಲಿ ಅಳೆದರು: 10.6.

"ತಮ್ಮಾ, ಬೆಳಕು ಕಮ್ಮಿ ಇಲ್ಲ. ದಾರ್ಯಾಗ ಯಾರೋ ಉಣ್ಲಾಕತ್ತಾರ. ಅವನ್ನ ಹಿಡೀಬೇಕು."

ಒಂದೂವರೆ ವೋಲ್ಟು ಎಂದರೆ ಏನು ಮಹಾ ಅನ್ನಿಸಬಹುದು. ಆದರೆ ತಂತಿಯ ಬಲ್ಬಿನ ಸ್ವಭಾವವೇ ಹಾಗೆ. ವೋಲ್ಟೇಜು ಹತ್ತು ಭಾಗ ಇಳಿದರೆ ಬೆಳಕು ಸುಮಾರು ಮೂವತ್ತು ಭಾಗ ಇಳಿಯುತ್ತದೆ. ನನ್ನ ಬೈಕು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳಕನ್ನು ವೈರಿನಲ್ಲೇ ಕಳಕೊಳ್ಳುತ್ತಿತ್ತು. ಉಣ್ಣುತ್ತಿದ್ದವರು ಮೂವರು ಸಿಕ್ಕರು: ಹಸಿರು ಕಿಲುಬು ಹಿಡಿದ ಡಿಮ್-ಡಿಪ್ ಸ್ವಿಚ್ಚು, ಸುಟ್ಟು ಕಂದಾದ ಹೋಲ್ಡರು, ತುಕ್ಕು ಹಿಡಿದ ಬೋಲ್ಟಿಗೆ ಬಿಗಿದ ಅರ್ಥಿಂಗ್. ಸ್ವಿಚ್ಚು ಬಿಚ್ಚಿ ಒಳಗಿನ ತಾಮ್ರವನ್ನು ಬೆಳ್ಳಗೆ ಉಜ್ಜಿದೆವು. ಹೋಲ್ಡರು ಹೊಸದು ಹಾಕಿದೆವು. ಅರ್ಥಿಂಗಿಗೆ ಸ್ವಲ್ಪ ದಪ್ಪ ವೈರು ಎಳೆದು ಚಾಸಿಯ ಬಣ್ಣ ಕೆರೆದ ಜಾಗಕ್ಕೆ ಬಿಗಿದು ಮೇಲೆ ಗ್ರೀಸು ಹಚ್ಚಿದೆವು. ಮತ್ತೆ ಅಳೆದಾಗ ಬಲ್ಬಿನ ಬಳಿ 11.8.

ದೀಪವನ್ನು ಪೂರ್ತಿ ಬ್ಯಾಟರಿಗೇ ಕೊಟ್ಟುಬಿಟ್ಟರೆ ನಿಧಾನ ಮಾಡಿದಾಗ ಕುಗ್ಗುವುದು ತಪ್ಪುತ್ತದಲ್ಲ ಎಂದು ಕೇಳಿದೆ. ಕಾಕಾ ಬ್ಯಾಟರಿಯ ಮೈಮೇಲೆ ಬರೆದದ್ದನ್ನು ಓದಿಸಿದರು. 3 ಆಂಪಿಯರ್-ಅವರ್. 35 ವಾಟಿನ ಬಲ್ಬು ತಿನ್ನುವುದು ಹೆಚ್ಚುಕಡಿಮೆ 3 ಆಂಪಿಯರು. ಆ ಬೈಕಿನ ಸಣ್ಣ ಚಾರ್ಜಿಂಗು ಅದನ್ನು ತುಂಬಿಕೊಡಲಾರದು. "ಒಂದ್ ತಾಸಿಗಿ ಬ್ಯಾಟ್ರಿ ಖಾಲಿ. ಕೌಠಾ ಬ್ರಿಜ್ ಮ್ಯಾಲ ನಿಂತು ನನಗ ಫೋನ್ ಮಾಡ್ತಿ." ಅಲ್ಲಿಗೆ ಆ ಮಾತು ಮುಗಿಯಿತು. 60/55 ವಾಟಿನ ದೊಡ್ಡ ಬಲ್ಬಿನ ಮಾತೂ ಹಾಗೇ ಮುಗಿಯಿತು. ಆ ಕಾಯಿಲು ಅಷ್ಟು ಹೊರಲಾರದು, ಪ್ಲಾಸ್ಟಿಕ್ಕು ಆ ಬಿಸಿ ತಾಳಲಾರದು.

ಬಲ್ಬಿನ ಡಬ್ಬಿ ಬಿಚ್ಚುವಾಗ ಕಾಕಾ ಗಾಜಿಗೆ ಬೆರಳು ತಾಕಿಸಲು ಬಿಡಲಿಲ್ಲ. ಬೆರಳಿನ ಎಣ್ಣೆ ಅಂಟಿದ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಕಾಗದದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ತೋರಿಸಿದರು. ಒಳಗೆ ಎರಡು ತಂತಿ. ಒಂದು ಹೈಬೀಮಿನದು, ಬರಿಮೈಯದು. ಇನ್ನೊಂದು ಡಿಮ್ಮಿನದು, ಅದರ ಕೆಳಗೆ ಸಣ್ಣ ಚಮಚದಂಥ ಒಂದು ತಗಡು.

"ಇದು ಯಾಕ ಅದ ಹೇಳು?"

ನನಗೆ ತಿಳಿದಿರಲಿಲ್ಲ. ಕೆಳಕ್ಕೆ ಹೋಗುವ ಬೆಳಕನ್ನು ಆ ತಗಡು ತಡೆಯುತ್ತದೆ. ಇಲ್ಲದಿದ್ದರೆ ಅದು ಕೆಳಗಿನ ಕನ್ನಡಿಗೆ ಬಡಿದು ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣಿಗೆ ಹೋಗುತ್ತಿತ್ತು. ಬೆಳಕು ಕೊಡಲೆಂದೇ ಮಾಡಿದ ವಸ್ತುವಿನೊಳಗೆ, ಹುಟ್ಟಿದ ಬೆಳಕಿನ ಒಂದು ದೊಡ್ಡ ಪಾಲನ್ನು ಬೇಕೆಂದೇ ತಡೆಯುವ ಒಂದು ತಗಡು! ಯಾರೋ ಎಂಜಿನಿಯರು ತನ್ನ ದೀಪದ ಅಷ್ಟು ಶಕ್ತಿಯನ್ನು ಎದುರಿಗೆ ಬರುವ ಅಪರಿಚಿತನಿಗಾಗಿ ಬಿಟ್ಟುಕೊಟ್ಟಿದ್ದಾನೆ. ನಾನು ಅದನ್ನು ನೋಡುತ್ತ ಸುಮಾರು ಹೊತ್ತು ಕೂತಿದ್ದೆ. ಕಾಕಾ ಕಾಲು ನೀಡಿ, ರಾಡಿದ್ದ ಮೊಣಕಾಲನ್ನು ತಿಕ್ಕಿಕೊಳ್ಳುತ್ತ, "ಅವನ ಗಾಡ್ಯಾಗೂ ಇದು ಇತ್ತು" ಎಂದರು. ಯಾರ ಗಾಡಿ ಎಂದು ನಾನು ಕೇಳಲಿಲ್ಲ. "ಹೆಬ್ಬೆರಳು ಆಡ್ಸಬೇಕಿತ್ತು."

ಲಾರಿಗಳ ಹಿಂದೆ 'ಯೂಸ್ ಡಿಪ್ಪರ್ ಅಟ್ ನೈಟ್' ಎಂದು ಬರೆದದ್ದನ್ನು ಚಿಕ್ಕಂದಿನಿಂದ ಓದುತ್ತ ಬಂದಿದ್ದೇನೆ. ಅದು ಹಿಂದಿನಿಂದ ಬರುವವನಿಗೆ ಬರೆದದ್ದು. ಎದುರಿನಿಂದ ಬರುವವನು ಓದುವ ಕಡೆ ಯಾರೂ ಏನೂ ಬರೆದಿಲ್ಲ.

ಹಳೆಯ ಡೂಮಿನ ಕನ್ನಡಿಯ ಬೆಳ್ಳಿ ಪದರು ಕಿತ್ತು ಹೋಗಿತ್ತು, ಅದನ್ನು ತೆಗೆದು ಹೊಸದು ಕೂಡಿಸಿದೆವು. ಬಿಸಿಲಿಗೆ ಹಳದಿಯಾದ ಹೊರಗಾಜು ಮಾತ್ರ ಇದ್ದರೆ ನೀರುಕಾಗದ ತಿಕ್ಕಿ ಪಾಲಿಶ್ ಮಾಡಬಹುದು. ಒಳಗನ್ನಡಿಯನ್ನು ತಿಕ್ಕಲು ಹೋದರೆ ಇದ್ದದ್ದೂ ಹೋಗುತ್ತದೆ.

ನಿಜವಾದ ಕೆಲಸ ಆಮೇಲಿನದು. ಕತ್ತಲಾದ ಮೇಲೆ ಓಣಿಯ ಕೊನೆಯ ಗೋಡೆಗೆ ಎದುರಾಗಿ, ಸರಿಯಾಗಿ 10 ಮೀಟರ್ ಅಳೆದು, ಸಮ ನೆಲದಲ್ಲಿ ಬೈಕು ನಿಲ್ಲಿಸಿದೆವು. ಎರಡೂ ಗಾಲಿಗೆ ಗಾಳಿ ಸರಿ ನೋಡಿದೆವು. ನನ್ನನ್ನು ಬೈಕಿನ ಮೇಲೆ ಕೂಡಿಸಿದರು. ಮನುಷ್ಯ ಕೂತರೆ ಹಿಂದಿನ ಶಾಕಪ್ ಇಳಿದು ದೀಪದ ಮುಖ ಮೇಲಾಗುತ್ತದೆ. ಹೆಡ್‌ಲೈಟಿನ ನಡುವಿನ ಎತ್ತರ ನೆಲದಿಂದ 92 ಸೆಂಟಿಮೀಟರು. ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸುಣ್ಣದ ಗೆರೆ, ಅದಕ್ಕೆ 10 ಸೆಂಟಿಮೀಟರ್ ಕೆಳಗೆ ಇನ್ನೊಂದು. ಡಿಮ್ಮಿನ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಬರುವಂತೆ ಸ್ಕ್ರೂ ತಿರುಗಿಸಬೇಕು. ಇಷ್ಟು ದಿನ ಆ ಅಂಚು ಎಲ್ಲಿತ್ತೆಂದರೆ, ಮೇಲಿನ ಗೆರೆಗೂ ಒಂದು ಗೇಣು ಮೇಲೆ. ಅಪ್ಪನ ಕಾಲದಿಂದಲೂ ಈ ಬೈಕು ರಸ್ತೆಯನ್ನು ಬಿಟ್ಟು ಬೇವಿನ ಗಿಡಗಳನ್ನು ಬೆಳಗುತ್ತ ಬಂದಿತ್ತು.

ಓಣಿಯ ಹುಡುಗರು ಸುತ್ತ ನೆರೆದರು. ಒಬ್ಬನನ್ನು ಹಿಂದೆ ಹತ್ತಿಸಿದೆವು. ಅಂಚು ತಟಕ್ಕನೆ ಮೇಲಿನ ಗೆರೆ ದಾಟಿತು. "ನೋಡ್ದಿ? ಡಬಲ್ ಸೀಟ್ ಹೊಂಟಾಗ ಇನ್ನೊಂದೀಟು ಇಳಿಸಬೇಕು." ಹೀಗೆ ಇಳಿಸಿಕೊಂಡು ಹೋಗುವವರನ್ನು ಬೀದರ್ ಜಿಲ್ಲೆಯಲ್ಲಿ ಕಾಕಾ ಒಬ್ಬರನ್ನೇ ನಾನು ಕಂಡಿದ್ದೇನೆ.

ಮುಂದಿನ ವಾರ ಔರಾದ್ ಕಡೆಯಿಂದ ರಾತ್ರಿ ಹನ್ನೊಂದಕ್ಕೆ ಬಂದೆ. ಹಗಲೇನೂ ಆಗಿರಲಿಲ್ಲ. ಆದರೆ ರಸ್ತೆಯ ಎಡದ ಅಂಚು ಕಾಣುತ್ತಿತ್ತು, ಗುಂಡಿಯ ತುಟಿಯ ನೆರಳು ಕಾಣುತ್ತಿತ್ತು, 40ರ ಮೇಲೆ ಹೋಗದಿದ್ದರೆ ಅಷ್ಟು ಸಾಕು. ಮಾಂಜ್ರಾದ ಹತ್ತಿರ ಮಂಜು ಕವಿದಿತ್ತು. ಅಲ್ಲಿ ಹೈಬೀಮ್ ಒತ್ತಿದರೆ ಎದುರಿಗೆ ಬಿಳಿ ಗೋಡೆ ಏಳುತ್ತದೆ, ಡಿಮ್ಮೇ ಒಳ್ಳೆಯದು. ಸೈಕಲ್ಲಿನ ಮೇಲೆ ಬರುತ್ತಿದ್ದ ಒಬ್ಬ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ. ಅದನ್ನು ನಾನು ಗಮನಿಸಿದೆ.

ದೀಪವೆಂದರೆ ನಮಗೆ ಕಾಣಲಿಕ್ಕೆ ಮಾತ್ರ ಎಂದುಕೊಂಡಿರುತ್ತೇವೆ. 2017ರ ಏಪ್ರಿಲ್ 1ರಿಂದ ಹೊಸ ಬೈಕುಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಬರುತ್ತಿಲ್ಲ, ಹಗಲೂ ಉರಿಯುತ್ತದೆ. ಅದು ಸವಾರನಿಗೆ ಕಾಣಲಿಕ್ಕಲ್ಲ, ಸವಾರನನ್ನು ಉಳಿದವರು ಕಾಣಲಿಕ್ಕೆ. ಕಾಕಾ ಗುದ್ದಿದ ಟ್ರಾಲಿಗೆ ಬೇಕಾಗಿದ್ದದ್ದೂ ಅದೇ. ಅದಕ್ಕೆ ದೀಪವೂ ಬೇಡ, ವೈರೂ ಬೇಡ. ಕೆಂಪು ರಿಫ್ಲೆಕ್ಟರ್ ಟೇಪು ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿ ಕಳಿಸುತ್ತದೆ. ಮಿಣುಕು ಡಿಮ್ಮಿಗೂ ಅದು ಬಹಳ ದೂರದಿಂದ ಕೆಂಪಗೆ ಹೊಳೆಯುತ್ತದೆ.

ಭಾಲ್ಕಿಯಲ್ಲಿ ಒಂದು ಸುರುಳಿ ಟೇಪು ಕೊಂಡೆ. ನಮ್ಮ ಹೊಲದ ಬಾಜುದವರದು ಎರಡು ಟ್ರಾಲಿ. ಕಾಕಾ ಎಲ್ಲಿ ಹಚ್ಚಬೇಕೆಂದು ಹೇಳಿದರು: ಮೇಲೆ ಬೇಡ, ಕಬ್ಬು ಮುಚ್ಚುತ್ತದೆ, ಹಿಂದಿನ ಹಲಗೆಯ ತೀರ ಕೆಳಗೆ, ಎರಡೂ ಮೂಲೆಗೆ, ಮತ್ತೆ ಎರಡೂ ಬಾಜೂಕ. ಕೆಸರು ಒರೆಸಿ, ಒಣಬಟ್ಟೆಯಿಂದ ತಿಕ್ಕಿ ಹಚ್ಚುತ್ತಿದ್ದಾಗ ಟ್ರ್ಯಾಕ್ಟರಿನವನು ಬಂದ.

"ಏನ್ರೀ ಕಾಕಾ, ನಮ್ಮ ಟ್ರಾಲಿಗಿ ಲಗ್ನ ಮಾಡ್ಲಾಕತ್ತೀರೇನು?"

"ಹೂಂ. ಅಕ್ಕಿಕಾಳು ತಗೊಂಡು ಬಾ."

ಅವನು ನಕ್ಕು ಹೋದ. ರಾತ್ರಿ ಕಾರ್ಖಾನೆಯ ಪಾಳಿಯಿಂದ ಬರುವಾಗ ಹಿಂದಿನ ಟ್ರ್ಯಾಕ್ಟರಿನ ಬೆಳಕಿನಲ್ಲಿ ಏನು ಕಂಡನೋ, ಮರುದಿನ ಬೆಳಗ್ಗೆ ತಾನೇ ಮನೆಗೆ ಬಂದ. ಸುರುಳಿಯಲ್ಲಿ ಟೇಪು ಉಳಿದಿದೆಯೇ ಎಂದು ಕೇಳಿದ.

"ಎತ್ತಿನ ಕೋಡಿಗೂ ಹಚ್ಚಬಹುದೇನ್ರಿ ಕಾಕಾ? ಕಾರಹುಣ್ಣಿಮಿಗಿ ಬಣ್ಣ ಹಚ್ತೀವಲ್ಲ, ಹಂಗ."

ಕಾಕಾ ನನ್ನ ಕಡೆ ಕೈ ಚಾಚಿ ಕತ್ತರಿ ಕೇಳಿದರು.