ಟರ್ಮಿನಲ್ ಪಾಠ 4: ಎಂಟರ್ ಒತ್ತೋ ಮುಂಚೆ
ಗೆಳೆಯರೇ, ಮಂಡಿಕಲ್‌ನಲ್ಲಿ ನಮ್ಮನೆ ಹಳೇ ಲ್ಯಾಪ್‌ಟಾಪ್ ಓಡ್ತಿರೋದು ಆರ್ಚ್ ಲಿನಕ್ಸಲ್ಲಿ. ಕನ್ನಡ ಫಾಂಟ್ ಬೇಕಾ? ‘ಸುಡೋ ಪ್ಯಾಕ್‌ಮನ್ -ಎಸ್ ನೋಟೋ-ಫಾಂಟ್ಸ್’ ಸಾಕು. ಅಧಿಕೃತ ಭಂಡಾರದ್ದು, ಸಹಿ ಪರೀಕ್ಷೆ ಆದ್ಮೇಲೇ ಇನ್‌ಸ್ಟಾಲ್ ಆಗುತ್ತೆ.

ಎಯುಆರ್ ಹಾಗಲ್ಲ. ಅಲ್ಲಿರೋದು ನಮ್ಮಂಥ ಬಳಕೆದಾರರು ಬರೆದಿಟ್ಟ ‘ಪಿಕೆಜಿಬಿಲ್ಡ್’ ಸ್ಕ್ರಿಪ್ಟ್. ‘ಗಿಟ್ ಕ್ಲೋನ್’ ಮಾಡಿ ‘ಮೇಕ್‌ಪಿಕೆಜಿ -ಎಸ್ಐ’ ಕೊಟ್ರೆ, ಅದು ಹೇಳಿದ್ದನ್ನೆಲ್ಲ ನಮ್ಮ ಕಂಪ್ಯೂಟರ್ ಮಾಡುತ್ತೆ.

2025ರ ಜುಲೈನಲ್ಲಿ ಫೈರ್‌ಫಾಕ್ಸ್ ಹೆಸರು ಹೊತ್ತ ಒಂದು ಎಯುಆರ್ ಪ್ಯಾಕೇಜಲ್ಲಿ, ದೂರದಿಂದಲೇ ಕಂಪ್ಯೂಟರ್ ವಶಮಾಡ್ಕೊಳ್ಳೋ ಮಾಲ್‌ವೇರ್ ಸಿಕ್ಕಿತು. ಸುಳಿವು ‘ಸೋರ್ಸ್’ ಸಾಲಲ್ಲೇ ಇತ್ತು: ಫೈರ್‌ಫಾಕ್ಸ್‌ಗೆ ಸಂಬಂಧವೇ ಇಲ್ಲದ ಗಿಟ್‌ಹಬ್ ವಿಳಾಸ.

ಅಪ್ಪ ಟೊಮ್ಯಾಟೊ ಬೀಜದ ಪೊಟ್ಟಣ ತಂದ್ರೆ ಹಿಂದಿನ ಚೀಟಿ ಓದದೆ ಬಿಚ್ಚಲ್ಲ. ನಾನೂ ‘ಸೋರ್ಸ್’ ಸಾಲು ಓದದೆ ಎಂಟರ್ ಒತ್ತಲ್ಲ. ನಮ್ಮನೆಯವರ ಪಹಣಿ, ಬ್ಯಾಂಕ್ ಪಾಸ್‌ವರ್ಡ್ ಎಲ್ಲಾ ಇರೋದು ಇದೊಂದರಲ್ಲೇ ಕಣ್ರೋ.

#ಕನ್ನಡದಲ್ಲಿ_ಲಿನಕ್ಸ್