ಸದ್ದು ನುಂಗುವ ಕೌದಿ

ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ. "ಹೈದರಾಬಾದಿನಾಗೆ ಏನ್ ಕೆಲ್ಸ ನಿಂದು?" ಸಾಫ್ಟ್‌ವೇರ್ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನನ್ನದು ಹಾಗಲ್ಲವಲ್ಲ. ಬಸ್ಸು, ವ್ಯಾನುಗಳ ಒಳಗೋಡೆಗೆ, ಸೂರಿಗೆ, ಎಂಜಿನ್ ಮುಚ್ಚಳಕ್ಕೆ ಹಾಕುವ ಪ್ಯಾನೆಲ್ ಮಾಡುತ್ತೇವೆ, ಒಳಗೆ ಕೂತವರಿಗೆ ಸದ್ದು ಕಡಿಮೆಯಾಗಲಿ ಅಂತ... ಇಷ್ಟು ಹೇಳುವಷ್ಟರಲ್ಲಿ ದೊಡ್ಡಮ್ಮ, "ಹಂಗಂದ್ರೆ ಬಸ್ಸಿಗೆ ಕೌದಿ ಹೊದಿಸ್ತೀಯ ಅನ್ನು" ಅಂದುಬಿಟ್ಟಳು. ಇಪ್ಪತ್ತೈದು ವರ್ಷದಲ್ಲಿ ನನ್ನ ಕೆಲಸವನ್ನು ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ.

ನಿಜಕ್ಕೂ ಅದು ಕೌದಿಯೇ. ಜೀಡಿಮೆಟ್ಲದ ನಮ್ಮ ಶೆಡ್ಡಿಗೆ ಬರುವ ಫೆಲ್ಟ್ ಅಂದರೆ ಹಳೇ ಬಟ್ಟೆ, ಗಾರ್ಮೆಂಟ್ ಕಾರ್ಖಾನೆಗಳ ಚಿಂದಿ, ಎಲ್ಲವನ್ನೂ ಹರಿದು ಎಳೆ ಎಳೆಯಾಗಿ ಬಿಡಿಸಿ ಮತ್ತೆ ಒತ್ತಿ ಮಾಡಿದ ಹಾಸು. ಕಿಟಕಿಯ ಬೆಳಕಿಗೆ ಹಿಡಿದರೆ ಬೂದು ಬಣ್ಣದ ನಡುವೆ ಒಂದು ನೀಲಿ ಎಳೆ, ಒಂದು ಕೆಂಪು ಎಳೆ ಕಾಣುತ್ತದೆ. ಯಾರದೋ ಜೀನ್ಸು, ಯಾರದೋ ಸೀರೆ. ಹತ್ತಿ ಗಿರಣಿಗಳ ಊರು ದಾವಣಗೆರೆಯಲ್ಲಿ ಹುಟ್ಟಿದ ನನಗೆ ಆ ಧೂಳಿನ ವಾಸನೆ ಹೊಸದೇನೂ ಆಗಿರಲಿಲ್ಲ.

ಮೆತ್ತಗಿನದನ್ನು ದಪ್ಪಗೆ ತುರುಕಿದರೆ ಸದ್ದು ನಿಲ್ಲುತ್ತದೆ ಅಂತ ಶುರುವಿನಲ್ಲಿ ನಾನೂ ನಂಬಿದ್ದೆ. ಆಮೇಲೆ ಗೊತ್ತಾಯಿತು, ಸದ್ದನ್ನು ತಡೆಯುವುದು ಬೇರೆ, ನುಂಗುವುದು ಬೇರೆ. ತಡೆಯಲು ತೂಕ ಬೇಕು. ಗೋಡೆಯ ತೂಕ ಎರಡು ಪಟ್ಟಾದರೆ ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನುಂಗಲು ತೂಕ ಬೇಡ, ಸಂದಿಗಳು ಬೇಕು. ಗಾಳಿಯ ಕಂಪನ ಎಳೆಗಳ ನಡುವೆ ನುಗ್ಗಿ, ತಿಕ್ಕಿ ತಿಕ್ಕಿ, ಕೈಗೆ ತಿಳಿಯದಷ್ಟು ಸಣ್ಣ ಬಿಸಿಯಾಗಿ ಸಾಯುತ್ತದೆ. ಅಮೆರಿಕದ ಹಾರ್ವರ್ಡಿನಲ್ಲಿ ವ್ಯಾಲೇಸ್ ಸೇಬಿನ್ ಎಂಬ ಮೇಷ್ಟ್ರು 1895ರಿಂದ ರಾತ್ರಿಯೆಲ್ಲ ಪಕ್ಕದ ರಂಗಮಂದಿರದ ಕುರ್ಚಿ ದಿಂಬುಗಳನ್ನು ಹೊತ್ತು ತಂದು, ಮಾರ್ದನಿ ತುಂಬಿದ ತರಗತಿಯಲ್ಲಿ ಹರಡಿ ಅಳೆದದ್ದೂ ಇದನ್ನೇ. ನಮ್ಮ ಕಸುಬಿಗೆ ಅವನೇ ಮೂಲಪುರುಷ.

ಇನ್ನು ದಪ್ಪದ ಲೆಕ್ಕ. ಫೆಲ್ಟ್ ಚೆನ್ನಾಗಿ ನುಂಗಬೇಕಾದರೆ ಅದರ ದಪ್ಪ ಸದ್ದಿನ ಅಲೆಯ ಉದ್ದದ ಕಾಲು ಭಾಗದ ಹತ್ತಿರವಾದರೂ ಇರಬೇಕು. 1000 ಹರ್ಟ್ಸ್ ಸದ್ದಿಗೆ ಅಲೆ 34 ಸೆಂಟಿಮೀಟರ್, ಕಾಲು ಭಾಗ ಎಂಟೂವರೆ. ಎಂಜಿನ್ನಿನ 100 ಹರ್ಟ್ಸ್ ಗುಂಯ್ ಅನ್ನುವುದಕ್ಕೆ ಅಲೆ 3.4 ಮೀಟರ್, ಕಾಲು ಭಾಗ 85 ಸೆಂಟಿಮೀಟರ್! ಅಷ್ಟು ದಪ್ಪ ಹಾಕಿದರೆ ಜನ ಬಸ್ಸಿನ ಸೂರಿನ ಮೇಲೆ ಕೂರಬೇಕು, ಅಷ್ಟೆ. ಹಾಗಾಗಿ ಗುಂಯ್ ಸದ್ದಿಗೆ ತಗಡಿನ ಮೇಲೆ ಡಾಂಬರಿನ ಹಾಳೆ ಅಂಟಿಸುತ್ತೇವೆ. ಬಡಿದರೆ 'ಠಣ್' ಅನ್ನುತ್ತಿದ್ದ ತಗಡು 'ಥಪ್' ಅನ್ನುತ್ತದೆ. ಕೀರಲು ಸದ್ದಿಗೆ ಫೆಲ್ಟ್. ಅದನ್ನೂ ತಗಡಿಗೆ ಒತ್ತಿ ಅಂಟಿಸದೆ ಹಿಂದೆ ಎರಡು ಬೆರಳು ಗಾಳಿ ಬಿಟ್ಟರೆ, ಕಾಸಿಲ್ಲದೆ ಇನ್ನಷ್ಟು ಕೆಳಗಿನ ಸದ್ದೂ ಸಿಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಎಲೆಕ್ಟ್ರಿಶಿಯನ್ ಬಂದು ವೈರಿಗೆ ಅಂತ ತೂತು ಕೊರೆಯುತ್ತಾನೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಆ ಗೋಡೆ ಎಷ್ಟೇ ಭಾರವಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. "ಛೋಟಾ ಸಾ ಛೇದ್ ಹೈ ಸಾಬ್" ಅನ್ನುವವರ ಜೊತೆ ನಾನು ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ.

ಈಗ ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

ಎಳೆ ಎಳೆಯಾಗಿ ಬಿಡಿಸಿದ ಹತ್ತಿ, ನಡುವೆ ತುಂಬ ಗಾಳಿ. ಸದ್ದು ನುಂಗಲು ಇದಕ್ಕಿಂತ ಒಳ್ಳೆಯದಿಲ್ಲ. ಬೆಂಕಿ ಹತ್ತಲು ಕೂಡ. ಎಂಜಿನ್ ಬದಿಯಲ್ಲಿ ಹಾಕಿದ ಫೆಲ್ಟ್ ವರ್ಷಗಟ್ಟಲೆ ಎಣ್ಣೆ ಕುಡಿಯುತ್ತದೆ. ಎಣ್ಣೆ ಕುಡಿದ ಹತ್ತಿಗೆ ನಮ್ಮ ಮನೆಗಳಲ್ಲಿ ಏನನ್ನುತ್ತೇವೆ? ಬತ್ತಿ.

ಇದಕ್ಕೆ ನಿಯಮ ಇದೆ. ಅಮೆರಿಕದಲ್ಲಿ 1972ರಲ್ಲಿ ಜಾರಿಗೆ ಬಂದದ್ದು. ನಮ್ಮ ಐಎಸ್ 15061 ಕೂಡ ಅದೇ ಜಾಡಿನದು. ತುಂಡೊಂದನ್ನು ಅಡ್ಡಲಾಗಿ ಹಿಡಿದು, ತುದಿಗೆ 15 ಸೆಕೆಂಡು ಜ್ವಾಲೆ ಕೊಟ್ಟು, ಗುರುತು ಮಾಡಿದ 254 ಮಿಲಿಮೀಟರ್ ದೂರವನ್ನು ಬೆಂಕಿ ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಎಂದು ನೋಡುವುದು. ನಿಮಿಷಕ್ಕೆ 102 ಮಿಲಿಮೀಟರ್ ಮೀರದಿದ್ದರೆ ಪಾಸು. ಗಮನಿಸಿ, ಸುಡಬಾರದು ಅಂತಲ್ಲ. ನಿಮಿಷಕ್ಕೆ ಗೇಣಿನ ಅರ್ಧದಷ್ಟು ಸುಡಬಹುದು. ಸೀಟಿನ ಮೇಲೆ ಬಿದ್ದ ಬೆಂಕಿಕಡ್ಡಿ, ಸಿಗರೇಟನ್ನು ಮನಸ್ಸಿನಲ್ಲಿಟ್ಟು ಮಾಡಿದ ಪರೀಕ್ಷೆ ಅದು. ಗೋಡೆಯಂತೆ ನಿಲ್ಲಿಸಿದ ಪ್ಯಾನೆಲ್ಲಿನಲ್ಲಿ ಬೆಂಕಿ ಮೇಲಕ್ಕೆ ಎಷ್ಟು ಬೇಗ ಏರುತ್ತದೆ ಅನ್ನುವುದನ್ನು ಒಲೆ ಹಚ್ಚಿದ ಯಾರು ಬೇಕಾದರೂ ಹೇಳುತ್ತಾರೆ.

ನಮ್ಮ ಫೆಲ್ಟ್ ಪಾಸಾಗಿತ್ತು. ಬೋರಾಕ್ಸ್, ಬೋರಿಕ್ ಆಮ್ಲ ಹಾಕಿದ ಹತ್ತಿ. ಕಾಗದ ಇತ್ತು, ಪ್ರತಿ ಲೋಡಿನ ಜೊತೆ ಅದರ ಜೆರಾಕ್ಸ್‌ಗೆ ನಾನೇ ಸಹಿ ಹಾಕಿ ಕಳಿಸುತ್ತಿದ್ದೆ. ಆದರೆ ಬಸ್ಸಿಗೆ ಹೋಗುತ್ತಿದ್ದದ್ದು ಬರೀ ಫೆಲ್ಟ್ ಅಲ್ಲ. ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ರೆಕ್ಸಿನ್, ಎಲ್ಲದರ ನಡುವೆ ರಬ್ಬರ್ ಅಂಟು. ಒಟ್ಟು ಪ್ಯಾನೆಲ್ಲನ್ನು ಒಮ್ಮೆಯೂ ಸುಟ್ಟು ನೋಡಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

2013ರ ಅಕ್ಟೋಬರ್ 30. ದೀಪಾವಳಿಗೆ ನಾಲ್ಕು ದಿನ ಇತ್ತು. ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ರಾತ್ರಿ ಬಸ್ಸು ಬೆಳಗಿನ ಜಾವ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು, ಡೀಸೆಲ್ ಟ್ಯಾಂಕ್ ಒಡೆದು ಹೊತ್ತಿಕೊಂಡಿತು. 45 ಜನ ಹೋದರು. ಹದಿನೈದೇ ದಿನಕ್ಕೆ, ನವೆಂಬರ್ 14ರಂದು, ಹಾವೇರಿ ಬಳಿ ಮುಂಬಯಿಗೆ ಹೊರಟಿದ್ದ ಇನ್ನೊಂದು ಬಸ್ಸು, 7 ಜನ. ಇಲ್ಲಿರುವ ನಮ್ಮಂಥವರಿಗೆಲ್ಲ ಪಾಲೆಂ ದಾರಿ ಅಂದರೆ ಮನೆಯ ಅಂಗಳದ ಹಾಗೆ. ಹಬ್ಬಕ್ಕೆ, ಸಾವಿಗೆ, ಮದುವೆಗೆ ಎಷ್ಟು ಸಲ ಅಲ್ಲಿ ನಿದ್ದೆಯಲ್ಲೇ ದಾಟಿಲ್ಲ? ಅಂದು ಬೆಳಿಗ್ಗೆ ಗೊತ್ತಿರುವ ಕನ್ನಡದವರಿಗೆಲ್ಲ ಫೋನು ಮಾಡಿದ್ದೇ ಮಾಡಿದ್ದು. ನಮ್ಮವರು ಯಾರೂ ಇರಲಿಲ್ಲ. ನಮ್ಮ ಪ್ಯಾನೆಲ್ಲೂ ಆ ಬಸ್ಸುಗಳಲ್ಲಿರಲಿಲ್ಲ. ಟ್ಯಾಂಕು ಒಡೆದ ಡೀಸೆಲ್ ಬೆಂಕಿಯ ಮುಂದೆ ಯಾವ ಪ್ಯಾನೆಲ್ ತಾನೆ ನಿಂತೀತು ಎಂದೂ ಸಮಾಧಾನ ಹೇಳಿಕೊಂಡೆ.

ಆದರೂ ಆ ಸಂಜೆ ಹುಡುಗರು ಹೋದ ಮೇಲೆ ಗೋಡೌನಿನಿಂದ ತಯಾರಾದ ಪ್ಯಾನೆಲ್ಲೊಂದನ್ನು ತಂದು, ಪಟ್ಟಿ ಕತ್ತರಿಸಿ, ಒಬ್ಬನೇ ಕೂತು ಹಚ್ಚಿದೆ. ಪಾಸಾಗಬೇಕಾದರೆ ಎರಡೂವರೆ ನಿಮಿಷವಾದರೂ ಹಿಡಿಯಬೇಕಿತ್ತು. ಎರಡು ನಿಮಿಷವೂ ಹಿಡಿಯಲಿಲ್ಲ. ಸ್ಪಂಜು ಸರ್ರನೆ ಕರಗಿ ಉರಿದುಹೋಯಿತು. ಕರೀ ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ಪಾಸಾದ ಫೆಲ್ಟ್ ಮಾತ್ರ ಅಡಿಯಲ್ಲಿ ಕಪ್ಪಾಗಿ ಉಳಿದಿತ್ತು, ನನ್ನ ಸಹಿ ಹಾಕಿದ ಕಾಗದದ ಹಾಗೆ. ಒಂದಕ್ಕೊಂದು ಪೂರ್ತಿ ಅಂಟಿದ್ದನ್ನು ಒಟ್ಟಿಗೇ ಸುಟ್ಟು ನೋಡಬೇಕು ಅಂತ ಆ ಅಮೆರಿಕದ ನಿಯಮದಲ್ಲೇ ಬರೆದಿದೆ. ಓದಿರಲಿಲ್ಲ ಅಂತಲ್ಲ... ಓದಿದ್ದೆ.

ಆಮೇಲೆ ಸ್ಪಂಜು ತೆಗೆದೆವು. ಅಂಟು ಬಿಟ್ಟು ಪಾಲಿಯೆಸ್ಟರ್ ಎಳೆಗೆ ಬಂದೆವು. ಅದರ ಹೊರಕವಚ 110 ಡಿಗ್ರಿಯಲ್ಲೇ ಕರಗಿ ಪಕ್ಕದ ಎಳೆಗೆ ಅಂಟಿಕೊಳ್ಳುತ್ತದೆ, ಒಳತಿರುಳು 250 ಡಿಗ್ರಿಯವರೆಗೂ ಗಟ್ಟಿ. ಎಂಜಿನ್ ಬದಿಗೆ ಎಣ್ಣೆ ಹೀರದಂತೆ ಅಲ್ಯೂಮಿನಿಯಂ ಹಾಳೆ ಹಾಕಿದೆವು. ಯಾವುದೂ ಪುಕ್ಕಟೆಯಲ್ಲ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ತೊಟ್ಟಿಕ್ಕುತ್ತದೆ. ಹಾಳೆ ಹಾಕಿದರೆ ಸಂದಿ ಮುಚ್ಚಿ ಕೀರಲು ಸದ್ದು ನುಂಗುವುದು ಕಡಿಮೆಯಾಗುತ್ತದೆ. ಬಸ್ಸು ಮೊದಲಿಗಿಂತ ಸ್ವಲ್ಪ ಗದ್ದಲ, ಬೆಲೆ ಸ್ವಲ್ಪ ಜಾಸ್ತಿ. "ಹಳೇ ಕಾಗದವೇ ಸಾಕಲ್ಲ, ಪಾಸ್ ಅಂತ ಇದೆಯಲ್ಲ" ಅಂದರು ಬಾಡಿ ಕಟ್ಟುವ ಒಬ್ಬರು. ಆ ಕಾಗದ ಇನ್ನು ಕೊಡುವುದಿಲ್ಲ ಅಂದೆ. ಹತ್ತು ವರ್ಷದ ಗಿರಾಕಿ ಬೇರೆ ಕಡೆ ಹೋದರು. ಅಲ್ಲಿ ಈಗ ಯಾವ ಕಾಗದ ಕೊಡುತ್ತಾರೋ, ಕೇಳುವ ಧೈರ್ಯ ನನಗಾಗಲಿಲ್ಲ. ಮೊದಲು ಕಳಿಸಿದ ಪ್ಯಾನೆಲ್ಲುಗಳನ್ನು ವಾಪಸು ತರಿಸುವುದಂತೂ ಆಗದ ಮಾತಾಗಿತ್ತು.

2025ರ ಅಕ್ಟೋಬರ್ 24ರಂದು ಅದೇ ಹೆದ್ದಾರಿಯಲ್ಲಿ, ಕರ್ನೂಲಿನ ಚಿನ್ನಟೇಕೂರು ಬಳಿ, ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ಉರಿಯಿತು. ಮತ್ತೆ ಅದೇ ಫೋನುಗಳು.

ರಾತ್ರಿ ಬಸ್ಸು ಹತ್ತಿದರೆ ನನಗೊಂದು ಚಟ. ಗೋಡೆಯ ರೆಕ್ಸಿನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಮೆತ್ತಗೆ ಒಳಗೆ ಹೋದರೆ ಸ್ಪಂಜು. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ನೀವು ಅಷ್ಟೆಲ್ಲ ಮಾಡಬೇಡಿ. ಹತ್ತಿದ ಕೂಡಲೇ ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ, ತುರ್ತು ಬಾಗಿಲು ಯಾವ ಕಡೆ ಅಂತ ನೋಡಿಟ್ಟುಕೊಳ್ಳಿ. ಸುತ್ತಿಗೆ ಇಲ್ಲದಿದ್ದರೆ ಕೇಳಿ, ಜೋರಾಗಿಯೇ ಕೇಳಿ.