ಮುಖ ಅವರದು, ದನಿ ಜಯಶ್ರೀಯವರದು

ನಟನಟಿಯರ ಬದುಕನ್ನು ಬರೆಯುವುದಕ್ಕೆ ನಮ್ಮಲ್ಲೊಂದು ಸಿದ್ಧ ಜಾಡಿದೆ. ಮೊದಲು ರಂಗಭೂಮಿ, ಆಮೇಲೆ ಸಿನಿಮಾ, ಅಲ್ಲಿ ಅವಕಾಶ ಕಡಿಮೆಯಾದ ಮೇಲೆ ಧಾರಾವಾಹಿ. ಕಂಠದಾನದ ಮಾತು ಬರುವುದೇನಿದ್ದರೂ ಕೊನೆಯ ಸಾಲಿನಲ್ಲಿ, ‘ಇದಲ್ಲದೆ’ ಎಂಬುದರ ಬೆನ್ನಿಗೆ. ಬಿ. ಜಯಶ್ರೀ ಅವರನ್ನು ಈ ಜಾಡಿನಲ್ಲಿ ಬರೆದರೆ ಅರ್ಧ ಜಯಶ್ರೀ ಕೈಬಿಟ್ಟುಹೋಗುತ್ತಾರೆ. ಗುಬ್ಬಿ ವೀರಣ್ಣನವರ ಮೊಮ್ಮಗಳು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು, ‘ಸ್ಪಂದನ’ ತಂಡ ಕಟ್ಟಿ ‘ಲಕ್ಷಾಪತಿ ರಾಜನ ಕಥೆ’ ಆಡಿಸಿದವರು, 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡವರು, 2013ರಲ್ಲಿ ಪದ್ಮಶ್ರೀ ಪಡೆದವರು: ಇಷ್ಟು ಬಹುಮಂದಿಗೆ ಗೊತ್ತು. ಆದರೆ ಮಾಧವಿ, ಜಯಪ್ರದಾ, ಅಂಬಿಕಾ, ಸುಮಲತಾ ಮುಂತಾದವರ ತುಟಿಯಿಂದ ನಾವು ಕೇಳಿದ ಕನ್ನಡದಲ್ಲಿ ಜಯಶ್ರೀಯವರ ಪಾಲೂ ಇದೆ. ನನ್ನ ಮಟ್ಟಿಗೆ ಇದು ಅವರ ನಟನೆಯ ಬಾಲಂಗೋಚಿಯಲ್ಲ, ನಟನೆಯ ಕಡುಕಷ್ಟದ ಪರೀಕ್ಷೆ.

ಹಳೆಯ ಡಬ್ಬಿಂಗ್ ಕೋಣೆಯ ಕೆಲಸವನ್ನೇ ನೋಡಿ. ಚಿತ್ರದ ಒಂದು ತುಂಡನ್ನು ಸುತ್ತುಹಾಕಿ ಅದನ್ನೇ ಮತ್ತೆ ಮತ್ತೆ ತೆರೆಯ ಮೇಲೆ ಓಡಿಸುತ್ತಾರೆ. ಅದಕ್ಕೆ ಲೂಪ್ ಎಂದು ಹೆಸರು. ಪರಭಾಷೆಯ ನಟಿಯ ತುಟಿ ಎಲ್ಲಿ ಮುಚ್ಚಿತೋ ಅಲ್ಲಿಗೆ ಒಂದು ಪಕಾರವೋ ಬಕಾರವೋ ಮಕಾರವೋ ಬಂದು ಕೂರಬೇಕು. ಅವಳು ಉಸಿರೆಳೆದ ಕಡೆ ಇವರೂ ಉಸಿರೆಳೆಯಬೇಕು. ಓಡಿ ಬಂದ ಏದುಸಿರನ್ನು ನಿಂತಲ್ಲೇ ತರಬೇಕು. ಕಣ್ಣಿಲ್ಲ, ಕೈಯಿಲ್ಲ, ಎದುರಿನ ಪಾತ್ರವಿಲ್ಲ, ಚಪ್ಪಾಳೆಯಂತೂ ಇಲ್ಲವೇ ಇಲ್ಲ. ಇನ್ನೊಬ್ಬರು ಆಡಿ ಮುಗಿಸಿದ ಭಾವದ ಅಳತೆಯೊಳಗೇ ತನ್ನ ಭಾವ ಹೊಂದಿಕೊಳ್ಳಬೇಕು. ಒಂದು ಎಳೆ ಹೆಚ್ಚಾದರೂ ಮುಖ ಸುಳ್ಳಾಗುತ್ತದೆ.

ನಾಟಕದವರ ದನಿ ಮೈಕಿಗೆ ಒಗ್ಗುವುದಿಲ್ಲ, ಅದರಲ್ಲಿ ಅಬ್ಬರ ಹೆಚ್ಚು ಎಂಬ ಆಕ್ಷೇಪ ಹಳೆಯದು. ಕಂಪನಿ ನಾಟಕದಲ್ಲಿ ಕೊನೆಯ ಸಾಲಿಗೂ ಮಾತು ಮುಟ್ಟಬೇಕಿತ್ತು, ನಿಜ. ಆದರೆ ಹಾಗೆ ಮುಟ್ಟಿಸುತ್ತಿದ್ದುದು ಬರೀ ಕೂಗಲ್ಲ, ಉಸಿರಿನ ಮೇಲಿನ ಹಿಡಿತ. ಹಿಡಿತವಿದ್ದವರಿಗೆ ದನಿ ತಗ್ಗಿಸುವುದೂ ಬರುತ್ತದೆ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ತೆರೆಯ ಮೇಲೆ ಪಿಸುಮಾತಾಡಿದ್ದನ್ನು ಕೇಳದ ಕನ್ನಡಿಗರು ಯಾರಿದ್ದಾರೆ? ಜಯಶ್ರೀಯವರದೇ ಸಾಕ್ಷ್ಯ ಬೇಕಾದರೆ ‘ನನ್ನ ಪ್ರೀತಿಯ ಹುಡುಗಿ’ (2001) ಚಿತ್ರದ ಕಾರುಗಳ ಹಾಡನ್ನು ಕೇಳಿ. ಅಲ್ಲಿನ ಆ ಬಿಚ್ಚುಗಂಟಲು ನಾಯಕಿಯರ ನಯವಾದ ಮಾತಿಗೂ ಒದಗಿತ್ತು ಎಂದರೆ ಮೊದಲ ಸಲಕ್ಕೆ ನಂಬಿಕೆ ಬಾರದು.

ನಾಲ್ಕು ಕಡೆ ಕೈಹಾಕಿದವರು ಎಲ್ಲಿಯೂ ಆಳಕ್ಕಿಳಿಯುವುದಿಲ್ಲ ಎನ್ನುವವರಿಗೆ ಗಿರೀಶ ಕಾರ್ನಾಡರನ್ನು ತೋರಿಸಬಹುದು. ‘ಸಂಸ್ಕಾರ’ದ (1970) ಪ್ರಾಣೇಶಾಚಾರ್ಯರು, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ಅಪ್ಪ, ಅಬ್ದುಲ್ ಕಲಾಂ ಆತ್ಮಕಥೆಯ ಆಡಿಯೊ ಪುಸ್ತಕಕ್ಕೆ ಕಂಠ: ಮೂರೂ ಕಡೆ ಮಾತನ್ನು ತೂಗಿ ಆಡುವ ಆ ಗತ್ತು ಒಂದೇ. (ನಾಟಕ ಬರೆದವರ ಕಿವಿಯಲ್ಲವೇ!) ಮಾಧ್ಯಮ ಬದಲಾದಾಗ ಬದಲಾಗುವುದು ಹದ, ಕಸುಬಲ್ಲ.

ಹೆಚ್ಚು ತೂಕದ ಆಕ್ಷೇಪ ಇನ್ನೊಂದಿದೆ. ಒಬ್ಬರ ಮುಖಕ್ಕೆ ಇನ್ನೊಬ್ಬರ ದನಿ ಅಂಟಿಸುವುದೇ ಮೋಸವಲ್ಲವೇ? ಹಾಗೆ ಮಾಡಿ ನಟಿಯ ಸ್ವಂತ ದನಿಯನ್ನು ಕಸಿದಂತಾಗಲಿಲ್ಲವೇ? ಕಸಿದಂತಾಯಿತು, ಒಪ್ಪಲೇಬೇಕು. ಆದರೆ ಆ ಲೆಕ್ಕ ಕೇಳಬೇಕಾದದ್ದು ಕನ್ನಡ ಬಾರದವರನ್ನು ಕರೆತಂದು ಕಲಿಯಲು ಸಮಯ ಕೊಡದ ನಿರ್ಮಾಣ ಪದ್ಧತಿಯನ್ನು, ಮೈಕಿನ ಮುಂದೆ ನಿಂತವರನ್ನಲ್ಲ. ನಿಜವಾದ ಮೋಸವೆಂದರೆ ದನಿ ಬಳಸಿಕೊಂಡು ಹೆಸರು ನುಂಗುವುದು. ಹಳೆಯ ಚಿತ್ರಗಳು ಈಗ ಡಿಜಿಟಲ್ ಆಗಿ ಹೊಸದಾಗಿ ಹೊರಬರುತ್ತಿವೆ. ಬಣ್ಣ, ಶಬ್ದ ಎಲ್ಲವನ್ನೂ ತಿದ್ದುತ್ತಾರೆ. ಅದೇ ಕೈಯಲ್ಲಿ ಶೀರ್ಷಿಕೆಯನ್ನೂ ತಿದ್ದಿ, ನಾಯಕಿಯ ಹೆಸರಿನ ಕೆಳಗೆ ದನಿ ಕೊಟ್ಟವರ ಹೆಸರನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಲಿ.